ಯಾರ ಬೆರಳು ಆಡಿದ ಆಟ?

"ಇಲ್ಲಿ ಇನ್ನೂ ಸ್ವಲ್ಪ ವಯಸ್ಸಾದವರು ಯಾರೂ ಇಲ್ವಾ?"

ಚಿಕಿತ್ಸೆಯ ಕೋಣೆಗೆ ಕಾಲಿಟ್ಟವನೇ ಅವನು ಆಡಿದ ಮೊದಲ ಮಾತು ಅದು!

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಯಾಕೆ? ತಲೆ ನರೆತವರು ಹೇಳಿದ್ರೆ ನಿಮ್ಮ ಬೆರಳು ಬೇಗ ಮಡಚುತ್ತಾ?"

ಅವನು ತಬ್ಬಿಬ್ಬಾದ. "ಹಾಗಲ್ಲ ಮೇಡಂ... ಇದು ನನ್ನ ಅನ್ನದ ಕೈ. ಭಯ ಆಗುತ್ತೆ, ಅದಕ್ಕೇ..."

ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರ್. ಗಾಜಿನ ಹಲಗೆಯೊಂದು ಜಾರಿ ಬಲಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಮಡಚುವ ಸ್ನಾಯುವಿನ ಹುರಿ ಕತ್ತರಿಸಿತ್ತು. ಡಾಕ್ಟರು ಅದನ್ನು ಹೊಲಿದು, ಆರು ವಾರ ಪಟ್ಟಿ ಕಟ್ಟಿ, ಈಗ ಬಿಚ್ಚಿ ಕಳಿಸಿದ್ದರು. ಮರಗಟ್ಟಿದ ಆ ಬೆರಳುಗಳನ್ನು ಮತ್ತೆ ಆಡುವಂತೆ ಮಾಡುವುದು ಆ ಆಸ್ಪತ್ರೆಯ ಥೆರಪಿಸ್ಟ್ ಆದ ಅವಳ ಕೆಲಸ.

"ಮೊಬೈಲ್‌ನಲ್ಲಿ ಆಟ ಆಡ್ತೀರಾ?"

"ಈ ವಯಸ್ಸಲ್ಲಾ?"

"ದಿನಕ್ಕೆ ಮೂರು ಸಲ, ಬಲಗೈಯಲ್ಲಿ ಮಾತ್ರ. ಕಲ್ಲು ಜೋಡಿಸೋದು, ಬಾಗಿಲು ಹುಡುಕೋದು, ಚಕ್ರ ತಿರುಗಿಸೋದು... ಇಂಥ ಆಟಗಳೇ ಬೇಕು. ಆಡಿ ಆದ್ಮೇಲೆ ಆಟ ಹೇಗಿತ್ತು ಅಂತ ಅದೇ ಕೈಯಲ್ಲಿ ನಾಲ್ಕು ಸಾಲು ಬರೀಬೇಕು. ಅಕ್ಷರ ಸೊಟ್ಟಗಾದ್ರೂ ಪರವಾಗಿಲ್ಲ."

ಮುಂದಿನ ವಾರ ಅವನು ನೋಟ್‌ಬುಕ್ ತಂದುಕೊಟ್ಟು ಹೋದ. ಊಟದ ಬಿಡುವಿನಲ್ಲಿ ಅವಳು ಸುಮ್ಮನೆ ಪುಟ ತಿರುವಿದಳು.

'ಬಣ್ಣದ ಕಲ್ಲಿನ ಆಟ. ನಾನು ಸೋತರೆ ಪರದೆಯ ಮೂಲೆಯಲ್ಲಿ ಒಂದು ನರಿ ಅಳುತ್ತದೆ. ನನ್ನ ಸೋಲಿಗೆ ಮನೆಯವರೇ ಅಳುವುದು ಬಿಟ್ಟಿದ್ದಾರೆ, ಇದಕ್ಕೇನು ಕಷ್ಟ?'

ಅವಳು ಫಕ್ಕನೆ ನಕ್ಕುಬಿಟ್ಟಳು. ಪಕ್ಕದ ಟೇಬಲ್ಲಿನ ನರ್ಸಮ್ಮ ತಲೆಯೆತ್ತಿ ನೋಡಿದರು.

'ದೀಪಸ್ತಂಭದ ಸಾಹಸ. ಒಳಗೆ ಮೂವತ್ತು ಬಾಗಿಲು, ಒಂದಕ್ಕೂ ಬೋರ್ಡಿಲ್ಲ. ಈ ಆಟ ಮಾಡಿದವರಿಗೆ ಒಬ್ಬ ಪೇಂಟರೂ ಪರಿಚಯವಿರಲಿಲ್ಲವೇನೋ. ಆದರೆ ತುದಿ ತಲುಪಿದಾಗ ಸಮುದ್ರ ಕಾಣುತ್ತದಲ್ಲ, ಆಗ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಕರೆಯೋಣವೆಂದರೆ ಯಾರೂ ಇರಲಿಲ್ಲ.'

ಅವಳ ನಗು ಅಲ್ಲೇ ನಿಂತಿತು.

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಅವಳೂ ಆ ದೀಪಸ್ತಂಭದ ಆಟವನ್ನು ಮೊಬೈಲ್‌ಗೆ ಇಳಿಸಿಕೊಂಡಳು. ಮೂರು ದಿನ ಬಾಗಿಲು ಹುಡುಕಿ ಹುಡುಕಿ ತುದಿ ತಲುಪಿದಳು. ನೀಲಿ ಸಮುದ್ರ ಪರದೆಯ ತುಂಬ ಹರಡಿದಾಗ ಅವಳಿಗೆ ನೆನಪಾದದ್ದು ಅವನೊಬ್ಬನೇ...

'ಥೂ, ಏನಾಗಿದೆ ನನಗೆ? ಅವನು ನನ್ನ ಪೇಷಂಟ್!'

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂರನೆಯ ವಾರ ಅವನ ಬೆರಳು ಅಳೆದಾಗ ಅವಳಿಗೆ ಏನೋ ಸರಿಯಿಲ್ಲ ಎನಿಸಿತು. ಕಲ್ಲಿನ ಆಟದಲ್ಲಿ ಅವನು ಎಂಬತ್ತನೆಯ ಹಂತ ದಾಟಿದ್ದ. ತೋರುಬೆರಳು ಮಾತ್ರ ಮೊದಲ ದಿನ ಎಷ್ಟು ಮಡಚುತ್ತಿತ್ತೋ ಅಷ್ಟೇ!

ಅವಳು ನೋಟ್‌ಬುಕ್ಕನ್ನು ಮತ್ತೆ ಬಿಡಿಸಿ ನೋಡಿದಳು. ಮುತ್ತು ಪೋಣಿಸಿದಂಥ ದುಂಡು ಅಕ್ಷರ. ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ಗೆರೆ ನಡುಗಿಲ್ಲ. ಇಷ್ಟು ದಿನ ಮಾತುಗಳ ಮೋಡಿಯಲ್ಲಿ ಅಕ್ಷರ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಛೇ!

"ಇದನ್ನೆಲ್ಲ ನೀವೇ ಬರೆದಿದ್ದಾ?"

"ಹೌದು ಮೇಡಂ." ಅವನ ಕಣ್ಣು ಕಿಟಕಿಯ ಕಡೆ ಹೊರಳಿತು.

ಆ ನೋಟವನ್ನು ಅವಳು ಬಲ್ಲಳು. ಎರಡು ವರ್ಷದ ಹಿಂದೆ ಒಬ್ಬ ಅವಳಿಗೆ ಎಂಟು ತಿಂಗಳು ದಿನಾ ಬೆಳಿಗ್ಗೆ ಪ್ರೀತಿಯ ಮೆಸೇಜ್ ಕಳಿಸುತ್ತಿದ್ದ. ಅದೇ ಮೆಸೇಜ್, ಅಕ್ಷರವೂ ಬದಲಾಗದೆ ಇನ್ನೊಬ್ಬಳಿಗೂ ಹೋಗುತ್ತಿತ್ತು. ಕೇಳಿದಾಗ ಅವನೂ ಹೀಗೇ ಕಿಟಕಿ ನೋಡಿದ್ದ.

ಆ ವಾರ ಡಾಕ್ಟರು ರಜೆ ಹಾಕಿದ್ದರಿಂದ ಪೇಂಟರನ ಸಮಯ ಬದಲಿಸಬೇಕಾಯಿತು. ಅವಳು ಫೋನ್ ಮಾಡಿದಳು. ಎತ್ತಿದ್ದು ಒಬ್ಬ ಹೆಂಗಸು!

"ಅವನು ಸ್ನಾನಕ್ಕೆ ಹೋಗಿದಾನೆ. ಏನಿದ್ರೂ ನನಗೇ ಹೇಳಿ, ಹೇಳ್ತೀನಿ."

ಎಷ್ಟು ಸಲಿಗೆ ಆ ದನಿಯಲ್ಲಿ... ಅವಳು ಸಮಯ ಹೇಳಿ ಫೋನ್ ಇಟ್ಟಳು. 'ಆ ಮಾತುಗಳೂ ಅವನವಲ್ಲವೇನೋ. ಸಮುದ್ರ ನೋಡಿ ಒಂಟಿ ಅನಿಸಿದ್ದು ಯಾರಿಗೋ, ನಾನು ಮನಸ್ಸು ಕೊಟ್ಟದ್ದು ಯಾರಿಗೋ!'

ಅವನು ಬಂದ ದಿನ ಅವಳು ತನ್ನ ಮೊಬೈಲನ್ನೇ ಅವನ ಮುಂದಿಟ್ಟಳು. "ನನ್ನೆದುರಿಗೆ ಆಡಿ."

ಅವನ ಎಡಗೈ ತಾನಾಗಿ ಮುಂದೆ ಬಂತು.

"ಬಲಗೈ."

ತೋರುಬೆರಳು ನಡುಗುತ್ತ ಪರದೆ ಮುಟ್ಟಿತು, ಜಾರಿತು. ಮತ್ತೆ ಮುಟ್ಟಿತು, ಮತ್ತೆ ಜಾರಿತು. ಅವನ ಹಣೆಯಲ್ಲಿ ಬೆವರು ಮೂಡಿತು.

"ಎಡಗೈಯಲ್ಲಿ ಆಡಿ ನನ್ನ ಕಿವಿಗೆ ಹೂವಿಟ್ರಿ. ಬರೆದುಕೊಟ್ಟಿದ್ದು ಯಾರು? ಹೆಂಡತಿನಾ?"

"ಮೇಡಂ, ನನಗೆ ಮದುವೆನೇ ಆಗಿಲ್ಲ! ಅದು ನನ್ನ ಅಕ್ಕ..."

"ಸಿಕ್ಕಿಬಿದ್ದವರಿಗೆಲ್ಲ ಒಬ್ಬ ಅಕ್ಕ ಇರ್ತಾಳೆ ಬಿಡಿ!"

ಹೇಳಿದ ಮರುಕ್ಷಣವೇ ಅವಳಿಗೆ ತನ್ನ ದನಿ ಥೆರಪಿಸ್ಟಿನದಲ್ಲ ಎಂದು ತಿಳಿಯಿತು. ಅವನು ಎದ್ದು ಹೋದ. ಮುಂದಿನ ವಾರ ಬರಲಿಲ್ಲ.

ಅದರ ಮುಂದಿನ ಸೋಮವಾರ, ಕನ್ನಡಕ ಹಾಕಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಅವನದೇ ಅಗಲ ಹಣೆ. ಮಾತಾಡುವ ಮುಂಚೆ ಒಂದು ಹುಬ್ಬು ಮೇಲೇರುವ ಅವನದೇ ಅಭ್ಯಾಸ.

"ನಾನು ಆ ಪೇಂಟರನ ಅಕ್ಕ. ಸ್ಕೂಲ್ ಟೀಚರ್. ಆ ಪುಸ್ತಕ ಬರೆದ ಕಳ್ಳಿ ನಾನೇ."

ಅವಳು ಕುರ್ಚಿ ತೋರಿಸಿದಳು. "ಮಾತುಗಳೂ ನಿಮ್ಮದೇನಾ?"

"ನನಗೆ ಅಷ್ಟು ತಮಾಷೆ ಬಂದಿದ್ರೆ ಮಕ್ಕಳು ನನ್ನ ಕ್ಲಾಸಲ್ಲಿ ನಿದ್ದೆ ಮಾಡ್ತಿರಲಿಲ್ಲ! ಸಂಜೆ ನಾನು ಸ್ಕೂಲಿಂದ ಬಂದ್ಮೇಲೆ ಅವನು ಹೇಳ್ತಿದ್ದ, ನಾನು ಬರೀತಿದ್ದೆ. ಪಟ್ಟಿ ಬಿಚ್ಚಿದ ದಿನ ಕದ್ದು ಬ್ರಷ್ ಹಿಡಿದ. ಕೆಳಗೆ ಬಿತ್ತು. ಆಮೇಲೆ ಆ ಕೈಯಲ್ಲಿ ಏನನ್ನೂ ಮುಟ್ಟೋಕೆ ಹೆದರ್ತಾನೆ. ಕೈ ಬರಲ್ಲ ಅಂತ ನಿಮ್ಮ ಬಾಯಿಂದ ಕೇಳಬೇಕಾಗುತ್ತಲ್ಲ ಅಂತ ಈ ನಾಟಕ. ಅವನ ತಾಳಕ್ಕೆ ಕುಣಿದಿದ್ದು ನನ್ನ ತಪ್ಪು. ಈಗ ನನ್ನ ಮಾತೂ ಕೇಳ್ತಿಲ್ಲ."

ಅವಳು ಸುಳ್ಳನ್ನು ಹಿಡಿದಿದ್ದಳು, ಸರಿ. ಆದರೆ ಸುಳ್ಳಿನ ಹಿಂದಿದ್ದ ಹೆದರಿಕೆಯನ್ನು ನೋಡದೆಹೋಗಿದ್ದಳಲ್ಲ...

ಮಧ್ಯಾಹ್ನ ಅಕ್ಕನ ಜೊತೆಗೇ ಅವನ ವರ್ಕ್‌ಶಾಪಿಗೆ ಹೋದಳು. ಟರ್ಪೆಂಟೈನ್ ವಾಸನೆ. ಗೋಡೆಗೆ ಒರಗಿದ್ದ ಅರ್ಧ ಬರೆದ ಬೋರ್ಡುಗಳು. ಅವಳನ್ನು ಕಂಡು ಅವನು ದಡಬಡಿಸಿ ಎದ್ದ. ಬಲಗೈ ಬೆನ್ನ ಹಿಂದೆ ಸರಿಯಿತು.

"ಸುಳ್ಳು ಹೇಳಿದ್ದು ತಪ್ಪು ಮೇಡಂ."

"ತಪ್ಪೇ! ಅದರಲ್ಲೇನೂ ಅನುಮಾನ ಇಲ್ಲ," ಎಂದಳು. ಆಮೇಲೆ ದನಿ ಇಳಿಯಿತು. "ಒಳಗೆ ಹೊಲಿದ ಹುರಿ ಅಂಟಿಕೊಳ್ತಾ ಇದೆ. ತಡವಾದಷ್ಟೂ ಗಟ್ಟಿಯಾಗುತ್ತೆ, ಆಮೇಲೆ ಮತ್ತೆ ಆಪರೇಷನ್ನೇ. ಈಗ ಶುರುಮಾಡಿದ್ರೆ ಬಹುಪಾಲು ಬರುತ್ತೆ. ನೋವಾಗುತ್ತೆ. ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ."

"ಕೈಯಲ್ಲಿ ಬ್ರಷ್ ನಿಲ್ಲುತ್ತಾ?"

"ನಿಲ್ಲಿಸೋಣ. ಕೈ ಕೊಡಿ."

ಅವನು ಅವಳನ್ನೇ ನೋಡಿದ. ಬೆನ್ನ ಹಿಂದಿದ್ದ ಕೈ ನಿಧಾನಕ್ಕೆ ಹೊರಬಂತು.

ಮುಂದಿನ ಎರಡು ತಿಂಗಳು ಅವಳು ಅವನ ಮೇಲೆ ಪೊಲೀಸರಂತೆ ಕಣ್ಣಿಟ್ಟಳು. ಬಲಗೈಯಲ್ಲಿ ಆಡುವ ವೀಡಿಯೋ ದಿನಾ ಅಕ್ಕ ಕಳಿಸಬೇಕು. ಅವನು ನೋವಿಗೆ ಹಲ್ಲು ಕಚ್ಚಿದ, ಒಮ್ಮೊಮ್ಮೆ ಕೂಗಾಡಿದ, ಎರಡು ಸಲ ಅತ್ತ. ನೋಟ್‌ಬುಕ್ಕಿನಲ್ಲಿ ಸೊಟ್ಟಂಬಟ್ಟ ಅಕ್ಷರ ಶುರುವಾಯಿತು. 'ಹಗ್ಗ ಬಿಡಿಸುವ ಆಟ. ಆರು ಗಂಟು. ಬಿಡಿಸಿದ್ದು ಎರಡು. ಬೆರಳಿಗೆ ನಮಸ್ಕಾರ.' ಅದನ್ನು ಅವಳು ಎಷ್ಟು ಸಲ ಓದಿದಳೋ!

ಕೊನೆಗೊಂದು ದಿನ ತೋರುಬೆರಳ ತುದಿ ಹೆಬ್ಬೆರಳಿಗೆ ತಾಗಿತು. ಪೂರ್ತಿ ಮಡಚಲಿಲ್ಲ, ಆದರೆ ಬ್ರಷ್ ನಿಂತಿತು. ಅವನು ಹೊಸ ಬೋರ್ಡ್ ಒಪ್ಪಿಕೊಂಡ.

ಅದರ ಮರುದಿನ ಅವಳು ಹೇಳಿದಳು, "ಇವತ್ತಿಂದ ನಿಮ್ಮ ಫೈಲ್ ನನ್ನ ಹತ್ರ ಇಲ್ಲ. ಉಳಿದ ಚಿಕಿತ್ಸೆ ನಮ್ಮ ಸೀನಿಯರ್ ಮೇಡಂ ನೋಡ್ಕೋತಾರೆ."

ಅವನ ಮುಖ ಬಾಡಿತು. "ಗೊತ್ತಾಯ್ತು ಮೇಡಂ. ಸುಳ್ಳು ಹೇಳಿದವನನ್ನ ಎಷ್ಟು ದಿನ ಸಹಿಸ್ತೀರಾ..."

"ನಿಮಗೆ ಏನೂ ಗೊತ್ತಾಗಿಲ್ಲ!" ಅವಳ ಕೆನ್ನೆ ಕೆಂಪಾಯಿತು. "ನನ್ನ ಪೇಷಂಟ್ ಜೊತೆ ನಾನು ಸಂಜೆ ಕಾಫಿಗೆ ಹೋಗೋ ಹಾಗಿಲ್ಲ. ಅದಕ್ಕೇ ಫೈಲ್ ಕೊಟ್ಟುಬಿಟ್ಟೆ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹುಬ್ಬು ಮೇಲೇರಿತು, ಕಣ್ಣು ತುಂಬಿತು.

"ಅವತ್ತು ಹೆಂಡತಿನಾ ಅಂತ ಕೇಳಿದ್ದು..."

"ಹೊಟ್ಟೆಕಿಚ್ಚು. ಇನ್ನೇನು?"

"ಈಗಲೂ ನನ್ನ ಮೇಲೆ ಅನುಮಾನ ಇದೆಯಾ?"

"ಸ್ವಲ್ಪ ಇದೆ," ಅವಳು ತಲೆ ತಗ್ಗಿಸಿ ನಕ್ಕಳು. "ಅದು ನನ್ನ ಹಳೇ ಕಾಯಿಲೆ. ಏನಾದ್ರೂ ಅನಿಸಿದ್ರೆ ದಿನಾ ಕೇಳ್ತೀನಿ. ಬೇಜಾರು ಮಾಡ್ಕೋತೀರಾ?"

"ಇಲ್ಲ. ಕೇಳಿ," ಎಂದು ಅವನು ಮೆಲ್ಲಗೆ ಅವಳ ಕೈ ಹಿಡಿದ. "ದಿನಾ ಉತ್ತರ ಕೊಡ್ತೀನಿ. ನಿಮ್ಮ ಕಣ್ಣು ನೋಡಿಕೊಂಡೇ..."