ಚಿಗುರದ ಬೇಲಿ

ಬೇಲಿಯೆಲ್ಲ ಹಸಿರಾಗಿತ್ತು. ನಡುವೆ ಒಂದಾಳು ಉದ್ದ ಮಾತ್ರ ಒಣಗಿತ್ತು.

ಪ್ರತಿ ಮೇ ತಿಂಗಳಲ್ಲಿ ಹ್ಯಾಕಲ್‌ಬಿ ಹಳ್ಳಿಯವರು ಪ್ರಾರ್ಥಿಸುತ್ತ ಪಾದ್ರಿಯ ಹಿಂದೆ ಊರಗಡಿ ಸುತ್ತುತ್ತಾರೆ. ಅಂದು ಡಾರ್ಕಸ್ ಅಜ್ಜಿ ಆ ಒಣಗಿದ ಕಡೆ ನಿಂತುಬಿಟ್ಟಳು.

“ಇದು ಕ್ವಿಕ್ ಅಲ್ಲ.”

ಪಟ್ಟಣದವರಿಗೆ ಆ ಮಾತೆಂದರೆ ಅವಸರ. ಇಲ್ಲಿನ ಹಳಬರಿಗೆ ಜೀವ. ಚಿಗುರುವ ಬೇಲಿ ಕ್ವಿಕ್. ಉಗುರಿನಡಿಯ ನೋಯುವ ಮಾಂಸ ಕ್ವಿಕ್. ಬಸುರಿಯ ಹೊಟ್ಟೆಯಲ್ಲಿ ಮಗು ಮಿಸುಕಿದರೆ ಅದೂ ಕ್ವಿಕ್. ಕೊನೆಯ ದಿನ ದೇವರು ತೀರ್ಪು ಕೊಡುವುದು ಕ್ವಿಕ್ ಆದವರಿಗೂ ಸತ್ತವರಿಗೂ ಎಂದು ಅವರು ಇಗರ್ಜಿಯಲ್ಲಿ ಹೇಳುತ್ತಾರೆ.

ಅಜ್ಜಿ ಕೋಲಿನಿಂದ ಕೊಂಬೆ ಸರಿಸಿದಳು. ಕೆಳಗೆ ರೈತ ನೇಥನ್ ರ್‍ಯಾಗ್‌ನ ಶವ. ಕಾಲಲ್ಲಿ ಮನೆಯೊಳಗೆ ಹಾಕುವ ಉಣ್ಣೆಯ ಚಪ್ಪಲಿ. ಪಕ್ಕದಲ್ಲಿ ಬೇಲಿ ಕಟ್ಟುವ ಸೈಲಸ್‌ನ ಮಚ್ಚು.

ಎದೆಬೇನೆಗೆಂದು ಚಳಿಗಾಲದಲ್ಲೇ ಮುದುಕ ಸಮುದ್ರದೂರಿಗೆ ಹೋದನೆಂದು ಎಲ್ಲರೂ ನಂಬಿದ್ದರು.

* * *

ಮೆರವಣಿಗೆಯಲ್ಲಿದ್ದ ಸಾರ್ಜೆಂಟ್ ಥರ್ಲ್‌ಬಿ ಸೈಲಸ್‌ಗೆ ಕೋಳ ಹಾಕಿದ.

“ಮಚ್ಚು ನಿಂದು. ಬೇಲಿ ಕೆಲಸ ನಿಂದು. ಮುದುಕನ ಜೊತೆ ಜಗಳ ಆಡಿದ್ದೂ ನೀನೇ.”

“ಅವನ ಜೊತೆ ಜಗಳ ಆಡದೋರ ಹೆಸರು ಒಂದು ಹೇಳಿ ನೋಡೋಣ! ಚಳಿಗಾಲದಲ್ಲಿ ಈ ಬೇಲಿ ಕೆಲಸದ ಮಧ್ಯೆ ಜ್ವರ ಬಂತು, ಮಲಗಿಬಿಟ್ಟೆ. ಮಚ್ಚು ಅವನ ಕೊಟ್ಟಿಗೇಲೇ ಉಳೀತು.”

ಸೈಲಸ್‌ನ ಹೆಂಡತಿ ಮೇಬಲ್ ಹೊಟ್ಟೆ ಹಿಡಿದುಕೊಂಡಳು. “ಇವನನ್ನ ನೇಣಿಗೆ ಹಾಕಿದ್ರೆ ಈ ಮಗು ಯಾರನ್ನ ಅಪ್ಪ ಅನ್ನಬೇಕು, ಸಾರ್ಜೆಂಟ್ರೇ?”

ನೇಥನ್‌ನ ಅಣ್ಣನ ಮಗ ಪರ್ಸಿ ಕಣ್ಣೊರೆಸಿಕೊಂಡ. “ಚಿಕ್ಕಪ್ಪನ್ನ ಬಸ್ಸು ಹತ್ತಿಸಿದ್ದೇ ನಾನು. ಮಧ್ಯೆ ಇಳಿದು ವಾಪಸ್ ಬಂದಿರಬೇಕು.”

* * *

ಥರ್ಲ್‌ಬಿ ಬೇಲಿಯ ಬುಡದಲ್ಲಿ ಮಂಡಿಯೂರಿದ. ಬಹಳ ಹೊತ್ತು ಮೇಲೇಳಲಿಲ್ಲ.

“ಎಲ್ರೂ ಬಂದು ನೋಡಿ. ಹಸಿರಿರೋ ಕಡೆ ಸೈಲಸ್ ಕಡಿದ ಕಾಂಡಗಳಲ್ಲಿ ಒಂದು ಪಟ್ಟೆ ತೊಗಟೆ ಹಾಗೇ ಉಳಿದಿದೆ. ಬಗ್ಗಿಸಿ ಮಲಗಿಸಿದ್ರೂ ಜೀವ ಇರುತ್ತೆ, ಚಿಗುರುತ್ತೆ. ಶವದ ಮೇಲಿನವು ಪೂರ್ತಿ ತುಂಡಾಗಿವೆ.”

“ಅವಸರದಲ್ಲಿ ಕಡಿದಿರ್ತಾನೆ,” ಎಂದ ಪರ್ಸಿ.

“ಶವ ಮುಚ್ಚಿಡೋಕೆ ಕಡಿದದ್ದಲ್ವಾ? ಸೈಲಸ್ ಆಗಿದ್ರೆ ಇದೂ ಚಿಗುರ್ತಿತ್ತು, ನೇಥನ್ ಯಾರಿಗೂ ಸಿಗ್ತಿರಲಿಲ್ಲ. ಬೇಲಿ ಕೆಲಸ ಬಾರದವನು ಮಾತ್ರ ಹೀಗೆ ಸಿಕ್ಕಿಬೀಳ್ತಾನೆ. ಅದಿರಲಿ, ಪರ್ಸಿ, ಊರಿಗೆ ಹೊರಟವನು ಮನೆ ಚಪ್ಪಲಿ ಹಾಕ್ಕೊಂಡು ಬಸ್ಸು ಹತ್ತಿದ್ನಾ?”

ಪರ್ಸಿ ಒಂದು ಹೆಜ್ಜೆ ಹಿಂದೆ ಸರಿದ.

ಪಾದ್ರಿ ಮೆಲ್ಲನೆ ಹೇಳಿದ: “ಬೆಳಿಗ್ಗೆ ಇವನು ನನ್ನ ಹತ್ರ ಬಂದಿದ್ದ. ಈ ಕಡೆ ಕೆಸರು, ಕೆಳಗಿನ ದಾರೀಲಿ ಹೋಗೋಣ ಅಂದ.”

“ಗಡಿ ಬಿಟ್ಟು ನಡೆದ್ರೆ ಅದ್ಯಾವ ಪ್ರಾರ್ಥನೆ ಅಂತ ನಾನೇ ಬೈದೆ,” ಎಂದಳು ಅಜ್ಜಿ. “ಮಳೇನೇ ಇಲ್ಲ, ಕೆಸರು ಎಲ್ಲಿಂದ ತಂದೆಯೋ, ಮಗನೇ?”

ಪರ್ಸಿ ಹುಲ್ಲಿನ ಮೇಲೆ ಕುಸಿದ. “ಹೊಲ ಮಾರು ಅಂದೆ. ನಕ್ಕ. ಕೊಟ್ಟಿಗೇಲಿ ಕೈಗೆ ಮಚ್ಚು ಸಿಕ್ತು…”

ಕೋಳ ಕೈ ಬದಲಾಯಿಸಿತು. ಪಾದ್ರಿ ಸತ್ತವನಿಗಾಗಿ ಪ್ರಾರ್ಥಿಸಿದ. ಎಲ್ಲರೂ ತಲೆಬಾಗಿದರು.

ಮೇಬಲ್ ಗಂಡನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಅವನು ಉಸಿರು ಹಿಡಿದು ಕಾದ.

“ಒದೀತು!”

“ಕ್ವಿಕ್,” ಎಂದಳು ಡಾರ್ಕಸ್ ಅಜ್ಜಿ. ಶಿಲುಬೆಯ ಗುರುತು ಮಾಡಿ ಕೋಲೂರಿದಳು. “ನಡೀರಿ. ಗಡಿ ಇನ್ನೂ ಮುಗಿದಿಲ್ಲ.”