ತೆಳು ಪದರ, ಎಂಬತ್ತು ಡಿಗ್ರಿ

“ಈ ರಿಪೋರ್ಟ್ ಬರೆದೋರು ಯಾರು?”

ಆಂಧ್ರದ ಹಿಂದೂಪುರದ ಕೋಟಿಂಗ್ ಕಂಪನಿಯ ಲ್ಯಾಬಿಗೆ ಹೊಸ ಮುಖ್ಯಸ್ಥನಾಗಿ ಬಂದ ರೇಣುಕಾಪ್ರಸಾದ್ ಕೇಳಿದ ಮೊದಲ ಪ್ರಶ್ನೆಯೇ ಇದು!

“ನಾನೇ ಸಾರ್, ತ್ರಿವೇಣಿ.”

ಅವಳು ಎದ್ದು ನಿಂತಳು. ತಲೆ ಮಾತ್ರ ತಗ್ಗಿಸಲಿಲ್ಲ. ಕಲ್ಯಾಣದುರ್ಗದ ಹುಡುಗಿ, ತಾನು ಅಳೆದದ್ದನ್ನು ಯಾರಿಗೋ ಹೆದರಿ ತಿದ್ದುವವಳಲ್ಲ.

“ಈ ಪ್ಲಾಸ್ಟಿಕ್ ಮೆತ್ತಗಾಗೋದು ನೂರು ಡಿಗ್ರಿಗೆ. ನೀವು ಎಂಬತ್ತು ಅಂತ ಬರೆದಿದ್ದೀರಲ್ಲ?”

“ದಪ್ಪ ಇದ್ರೆ ನೂರೇ ಸಾರ್. ನಾವು ಬಳಿಯೋದು ಕೂದಲಿಗಿಂತ ಸಾವಿರಾರು ಪಟ್ಟು ತೆಳು. ನಮ್ಮೂರ ಕಡೆ ಜನ ತುಂಬ್ಕೊಂಡು ಹೋಗೋ ಕುಂದುರ್ಪಿ ಜೀಪು ಹತ್ತಿದ್ದೀರಾ? ನಡುವೆ ಸಿಕ್ಕೊಂಡೋರಿಗೆ ಕೈಯಾಡ್ಸೋಕೂ ಆಗಲ್ಲ. ಹಿಂದೆ ಜೋತುಬಿದ್ದೋರು ಆರಾಮಾಗಿ ಅಲ್ಲಾಡ್ತಾರೆ. ಪದರದ ಮೇಲಿರೋ ಅಣುಗಳೂ ಹಂಗೇ. ಮೇಲೆ ಬರೀ ಗಾಳಿ, ಒತ್ತೋರಿಲ್ಲ. ಕಮ್ಮಿ ಬಿಸಿಗೇ ಓಡಾಡ್ತವೆ. ಇಷ್ಟು ತೆಳುವಾದ್ರೆ ಜೋತುಬಿದ್ದೋರೇ ಜಾಸ್ತಿ, ಕದಾ ಸಾರ್, ಅಲ್ವಾ?”

ಅವನು ನಕ್ಕುಬಿಟ್ಟ. ಆ ನಗು ಕಂಡು ಅವಳ ಎದೆ ಸುಮ್ಮನೆ ಹೊಡೆದುಕೊಂಡಿತು.

ಎರಡು ತಿಂಗಳಲ್ಲಿ ಅವರಿಬ್ಬರ ಟೀ ಒಂದೇ ಹೊತ್ತಿಗೆ ಬರತೊಡಗಿತು. ಲ್ಯಾಬಿನವರೆಲ್ಲ ಗುಸುಗುಸು ನಗುತ್ತಿದ್ದರು. ಗೊತ್ತಿಲ್ಲದಂತೆ ಇದ್ದವರು ಇವರಿಬ್ಬರೇ!

ಅಷ್ಟರಲ್ಲಿ ಗ್ರಾಹಕರು ಪಟ್ಟು ಹಿಡಿದರು. ಕೋಟಿಂಗ್ ತೊಂಬತ್ತು ಡಿಗ್ರಿ ತಡೆಯುತ್ತದೆಂದು ಬರೆದುಕೊಡಬೇಕಂತೆ. ಎಂಬತ್ತಕ್ಕೇ ಮೆತ್ತಗಾಗುತ್ತೆ, ಎಪ್ಪತ್ತು ದಾಟಿಸಬೇಡಿ ಎಂದು ತ್ರಿವೇಣಿಯೂ ಪಟ್ಟು ಹಿಡಿದಳು. ಅವಳ ಅಂಕಿ ತಪ್ಪಾದರೆ ಕೆಲಸವೂ ಇಲ್ಲ, ಹೆಸರೂ ಇಲ್ಲ.

ಶುಕ್ರವಾರ ಲ್ಯಾಬಿನ ಗೆಳತಿ ಭಾರ್ಗವಿ ಯಂತ್ರದ ಮುಂದೆ ಕೂತಿದ್ದಳು. ಅಳೆಯುತ್ತಿದ್ದದ್ದು ತ್ರಿವೇಣಿಯ ಸ್ಯಾಂಪಲ್! ಅಂಚಿನ ಗೀರು ನೋಡಿದೊಡನೆ ತ್ರಿವೇಣಿಗೆ ಗುರುತು ಸಿಕ್ಕಿತು. ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿತ್ತು.

“ಇದನ್ನ ಅಳೆಯೋಕೆ ಯಾರೇ ಹೇಳಿದ್ದು?”

“ಪ್ರಸಾದ್ ಸಾರ್ ಕಣೆ. ಯಾರ್ದು ಅಂತ ನಂಗೂ ಹೇಳಿಲ್ಲ.”

ಯಾರು ಬೇಕಾದರೂ ನನ್ನನ್ನು ಅನುಮಾನಿಸಲಿ... ಆದರೆ ಅವರೂನಾ?

ಸಂಜೆಯ ಬಸ್ಸಿಗೇ ಊರಿಗೆ ಹೊರಟಳು. ಅವನ ಫೋನು ಒಂಬತ್ತು ಸಲ ಬಂತು. ಎತ್ತಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗದ ಮನೆಯ ಬಾಗಿಲಲ್ಲಿ ಯಾರೆಂದು ತೆಲುಗಿನಲ್ಲಿ ವಿಚಾರಿಸುವ ಅಮ್ಮ ವೀರಭದ್ರಮ್ಮನ ದನಿ ಕೇಳಿಸಿತು.

“ಎವರು ಬಾಬೂ?”

“ಹಿಂದೂಪುರದಿಂದ ಬಂದಿದ್ದೀನಮ್ಮ. ತ್ರಿವೇಣಿ ಅವರ ಲ್ಯಾಬಿನವನು.”

“ಅಯ್ಯೋ, ಕನ್ನಡದೋರಾ! ಬನ್ನಿ, ಕೂತ್ಕಳಿ. ತ್ರಿವೇಣೀ, ನಿಮ್ಮ ಸಾರ್ ಬಂದವ್ರೆ ಕಣಮ್ಮ! ಕಾಫಿ ತತ್ತೀನಿ, ಇರಿ.”

ಅಮ್ಮ ಅಡುಗೆಮನೆಗೆ ಹೋದಳು. ತ್ರಿವೇಣಿ ಕೈ ಕಟ್ಟಿ ನಿಂತಳು.

“ನನ್ನ ಕೆಲಸ ನಂಬದೋರು ನನ್ನ ಮನೆ ಯಾಕೆ ಹುಡುಕ್ಕೊಂಡು ಬಂದ್ರಿ?”

ಅವನು ಮೂರು ಹಾಳೆ ಚಾಚಿದ. ಎಂಬತ್ತು. ಎಂಬತ್ತೊಂದು. ಎಂಬತ್ತು.

“ಭಾರ್ಗವಿ ಅಳೆದಿದ್ದು, ಯಾರ ಸ್ಯಾಂಪಲ್ ಅಂತ ಗೊತ್ತಿಲ್ದೆ. ನಿನ್ನೆ ಗ್ರಾಹಕರು ಒಪ್ಪಿದ್ರು. ಎಪ್ಪತ್ತು ಅಂತಲೇ ಬರೆದುಕೊಡ್ತಿದ್ದೀವಿ. ವರದಿ ನಿಮ್ಮ ಹೆಸರಲ್ಲೇ ಹೋಯ್ತು.”

ಅವಳಿಗೆ ಉಸಿರು ಹಗುರವಾಯಿತು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ.

“ನೀವೇ ನಿಂತು, ನಾನು ನೋಡಿದ್ದೀನಿ, ಸರಿಯಾಗಿದೆ ಅಂದಿದ್ರೆ ಸಾಕಿತ್ತಲ್ವಾ?”

“ನನ್ನ ಮಾತು ಯಾರು ನಂಬ್ತಾರೆ ತ್ರಿವೇಣಿ? ಆ ಹುಡುಗಿ ಮೇಲಿನ ಪ್ರೀತಿಗೆ ಹೇಳ್ತಾನೆ ಅಂತಾರೆ.”

“ಸುಳ್ಳು ಅಂತ ಹೇಳ್ಬೇಕಿತ್ತು!”

“ಹೆಂಗೆ ಹೇಳಲಿ? ನಿಜ ಅಲ್ವಾ ಅದು...”

ಅಡುಗೆಮನೆಯಲ್ಲಿ ಲೋಟದ ಸದ್ದು ಗಕ್ಕನೆ ನಿಂತಿತು. ತ್ರಿವೇಣಿಯ ಕಣ್ಣು ತುಂಬಿತು.

“ನನ್ನನ್ನ ಮದುವೆ ಆಗ್ತೀರಾ?” ಅವನ ದನಿ ಮೆತ್ತಗಿತ್ತು.

“ಆಗ್ತೀನಿ,” ಎಂದಳು ಅವಳು ತಡವರಿಸದೆ. “ಈ ಮಾತನ್ನ ಮಾತ್ರ ಇನ್ನೊಬ್ಬರ ಕೈಲಿ ಪರೀಕ್ಷೆ ಮಾಡಿಸಬೇಡಿ!”