ಇಳಿಯದ ತುತ್ತು

“ನುಂಗು!” ಎಂದಳು ಹಾಲಮ್ಮ.

ಸೊಸೆ ತುಂಗಮ್ಮನ ತಟ್ಟೆಯಲ್ಲಿ ಆಗತಾನೇ ಕಟ್ಟಿದ ರಾಗಿ ಮುದ್ದೆ ಹಬೆಯಾಡುತ್ತಿತ್ತು. ಎದುರಿಗೆ ಮಣೆಯ ಮೇಲೆ ಹಾಲಮ್ಮನ ಅಣ್ಣ ಶಿವಮೂರ್ತಪ್ಪ ಮೀಸೆ ತಿರುವುತ್ತ ಕೂತಿದ್ದ. ಈ ಪಂಚಾಯ್ತಿಗೆಂದೇ ತಂಗಿ ಅವನನ್ನು ಶಿವಮೊಗ್ಗದಿಂದ ಕರೆಸಿದ್ದಳು. ನವುಲೆಯ ಹುಡುಗಿ ಜನ್ನಾಪುರದ ಈ ಮನೆಗೆ ಕಾಲಿಟ್ಟು ವರ್ಷವಾಗುತ್ತ ಬಂದಿತ್ತು. ಒಂದು ದಿನವಾದರೂ ಎಲ್ಲರಂತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದವಳಲ್ಲ. ಮನೆಮಂದಿಯ ಊಟವಾದ ಮೇಲೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಮೂಲೆಯಲ್ಲಿ ಕೂತು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಮುದ್ದೆ ಅಗಿದರೇ ನಗುವ ಜನ ನಮ್ಮವರು, ಕಿವುಚಿ ಕುಡಿದರೆ ಬಿಡುತ್ತಾರೆಯೇ? ಕೇರಿಯ ಹೆಂಗಸರಿಗೆ ಒಳ್ಳೆಯ ಬಾಯಾಡಿಕೆ ಸಿಕ್ಕಿತು. ಹಾಲಮ್ಮನ ಕೈಯ ಮುದ್ದೆಯೆಂದರೆ ಗಂಟಿಲ್ಲದ್ದು, ಬೆಣ್ಣೆಯಂಥದ್ದು ಎಂದು ಊರೆಲ್ಲ ಹೊಗಳುತ್ತಿತ್ತು. ಅದನ್ನೇ ಒಲ್ಲೆನ್ನುವ ಸೊಸೆ! ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು.

“ಇಳಿಯಲ್ಲ ಅತ್ತೆ... ಇಲ್ಲಿ ನಿಂತ್ಬಿಡುತ್ತೆ.” ತುಂಗಮ್ಮ ಕುತ್ತಿಗೆಯ ಬುಡವನ್ನು ಮುಟ್ಟಿ ತೋರಿಸಿದಳು.

“ಊರೋರಿಗೆಲ್ಲ ಇಳಿಯೋದು ಇವಳೊಬ್ಬಳಿಗೆ ಇಳಿಯಲ್ವಂತೆ! ನಮ್ಮನೆ ಊಟ ಕಂಡ್ರೆ ಅಸಹ್ಯ ಅಂತ ಬಾಯಿಬಿಟ್ಟು ಹೇಳು, ಸಾಕು.”

“ಜಾಸ್ತಿ ಮಾತು ಬೇಡ” ಎಂದ ಶಿವಮೂರ್ತಪ್ಪ. “ನುಂಗಿದ್ರೆ ಈ ಮನೆ ಸೊಸೆ. ಇಲ್ದಿದ್ರೆ ಸಂಜೆ ಬಸ್ಸಿಗೆ ನಿನ್ನ ತವರಿಗೆ ನಡಿ.”

ಅದು ಎರಡನೇ ಮಹಾಯುದ್ಧದ ಕಾಲ; ಹಗಲಿರುಳು ನಡೆಯುತ್ತಿದ್ದ ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಮಗ ಲಿಂಗಪ್ಪ ಮಸಿ ಮೈಯಲ್ಲೇ ಬಾಗಿಲಲ್ಲಿ ನಿಂತಿದ್ದ. “ಬಿಡವ್ವಾ... ಅವಳು ಸುಳ್ಳು ಹೇಳ್ತಿಲ್ಲ.”

“ನೀನು ಸುಮ್ನಿರು!”

ಮಗ ಹೆಂಡತಿಯ ಪರ ಬಾಯಿ ತೆರೆದದ್ದೇ ತಡ, ಹಾಲಮ್ಮನಿಗೆ ತಡೆಯಲಾಗಲಿಲ್ಲ. ದೊಡ್ಡ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ತನ್ನ ಕೈಯಾರೆ ಸೊಸೆಯ ಬಾಯಿಗೆ ತುರುಕಿದಳು. ತುಂಗಮ್ಮ ಕಣ್ಣು ಮುಚ್ಚಿ ನುಂಗಿದಳು. ಒಂದು ಕ್ಷಣ ಎಲ್ಲ ಸರಿಹೋಯಿತೆಂದೇ ತೋರಿತು... ಅಷ್ಟರಲ್ಲಿ ಅವಳ ಕಣ್ಣು ಅಗಲವಾದವು, ತುಟಿ ಕಪ್ಪಿಟ್ಟಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಉಸಿರಿಲ್ಲ! ಲಿಂಗಪ್ಪ ಹಾರಿಬಂದು ಬೆನ್ನಿಗೆ ಗುದ್ದಿದ. ಉಸಿರೇನೋ ಮರಳಿತು, ಆದರೆ ಆಮೇಲೆ ಕೊಟ್ಟ ಒಂದು ಗುಟುಕು ನೀರೂ ಮೂಗಿನಿಂದ ಹೊರಬಂತು. ಕಾರ್ಖಾನೆಯ ಲಾರಿಯೊಂದು ಶಿವಮೊಗ್ಗಕ್ಕೆ ಹೊರಟಿತ್ತು. ಅದರಲ್ಲೇ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು.

ಆ ತುತ್ತು ಹೇಗೋ ಕರಗಿ ಇಳಿಯಿತು. ಮರುದಿನ ಡಾಕ್ಟರು ತುಂಗಮ್ಮನಿಗೆ ಸುಣ್ಣದ ನೀರಿನಂಥ ಬಿಳಿ ಔಷಧ ಕುಡಿಸಿ, ಕತ್ತಲೆ ಕೋಣೆಯಲ್ಲಿ ಎಕ್ಸರೇ ಯಂತ್ರದ ಮುಂದೆ ನಿಲ್ಲಿಸಿ, ಅದು ಇಳಿಯುವ ದಾರಿಯನ್ನು ನೋಡಿದರು. ಹೊರಗೆ ಬಂದು ಹಾಲಮ್ಮನನ್ನೇ ಕರೆದರು.

“ನೋಡಿ ತಾಯಿ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಕೊಡೆ ಹಿಡಿ ಹಾಗೆ ಬಾಗಿರುತ್ತೆ. ಆ ಬಾಗಿನಿಂದ ತಲೆಗೆ, ಕೈಗಳಿಗೆ ಕವಲು ಹೋಗ್ತವೆ. ಬಲಗೈ ಕವಲು ಮೊದಲು ಹೊರಡಬೇಕು. ಇವರಿಗೆ ಅದು ಎಲ್ಲದಕ್ಕಿಂತ ಕಡೆಗೆ, ಎಡಗಡೆಯಿಂದ ಹೊರಟಿದೆ. ಬಲಗೈಗೆ ಬರಬೇಕಲ್ಲ, ಅನ್ನನಾಳದ ಹಿಂದೆ ನುಸುಳಿ ಅದನ್ನ ಒತ್ಕೊಂಡು ಬಂದಿದೆ. ದೊಡ್ಡ ತುತ್ತು ಅಲ್ಲಿ ಸಿಕ್ಕಿಕೊಳ್ಳುತ್ತೆ. ತಾಯಿ ಹೊಟ್ಟೇಲಿದ್ದಾಗಲೇ ಆಗಿದ್ದು ಇದು.”

“ಔಷಧಿ, ಸ್ವಾಮಿ?”

“ಇಲ್ಲ. ಮೆತ್ತಗಿನದನ್ನ ನಿಧಾನವಾಗಿ ಉಂಡ್ರೆ ಎಲ್ಲರ ಹಾಗೆ ಬಾಳ್ತಾರೆ, ಮಕ್ಕಳನ್ನೂ ಹೆರ್ತಾರೆ. ಬಲವಂತ ಮಾಡಿದ್ರೆ ಮಾತ್ರ...”

ಸೊಸೆಗೆ ಸೊಕ್ಕಿಲ್ಲವೆಂದು ಯಂತ್ರವೇ ಹೇಳಿತಲ್ಲ, ಇನ್ನು ಕಥೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಶಿವಮೂರ್ತಪ್ಪ ಅಷ್ಟಕ್ಕೆ ಬಿಡುವ ಆಸಾಮಿಯೇ? ಲಿಂಗಪ್ಪ ಪಾಳಿಗೆ ಹೋಗಿದ್ದ ಹೊತ್ತು ನೋಡಿ, ಆಸ್ಪತ್ರೆಯ ಜಗಲಿಯಲ್ಲಿ, ಬೆಂಚಿನ ಮೇಲೆ ಕೂತಿದ್ದ ತುಂಗಮ್ಮನಿಗೆ ಕೇಳಿಸುವಂತೆಯೇ ಶುರುಮಾಡಿದ.

“ಹುಟ್ಟಿನಿಂದಲೇ ಐಬು ಅಂತ ಡಾಕ್ಟರೇ ಹೇಳಿದ್ರಲ್ಲ ಮಾರಾಯ್ತಿ! ನವುಲೆಯೋರು ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದ್ದಾರೆ. ಇವಳನ್ನ ಇಲ್ಲಿಂದಲೇ ಕಳಿಸು. ನನ್ನ ಮಗಳು ಪದ್ಮ ಇದ್ದಾಳೆ, ಬರೋ ತಿಂಗಳೇ ಧಾರೆ ಎರೆದುಕೊಡ್ತೀನಿ.”

ಹಾಲಮ್ಮ ಅಣ್ಣನ ಮುಖ ನೋಡಿದಳು. ಗಂಡ ಸತ್ತಾಗ ಎಳೆಗೂಸಿನೊಡನೆ ತನ್ನನ್ನು ಕರೆದೊಯ್ದು ಸಾಕಿದವನು ಈ ಅಣ್ಣ. ಲಿಂಗಪ್ಪನಿಗೆ ಕೆಲಸ ಕೊಡಿಸಿದವನೂ ಅವನೇ. ಪ್ರತಿ ದೀಪಾವಳಿಗೂ ತಾನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುತ್ತಿದ್ದ. ಅವನ ಮಾತು ಮೀರುವುದೇ? ಅವಳು ಬೆಂಚಿನ ಕಡೆ ನೋಡಿದಳು. ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು, ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಅಯ್ಯೋ ಶಿವನೇ, ಇದು ಹಸಿವು! ಮನೆಮಂದಿಗೆಲ್ಲ ಬಡಿಸಿ, ತನ್ನ ಒಲೆಯ ಮುಂದೆಯೇ ಈ ಹುಡುಗಿ ವರ್ಷವಿಡೀ ಅರೆಹೊಟ್ಟೆಯಲ್ಲಿದ್ದಳು... ತಾನು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದಳು. ಹಾಲಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ತುಂಗಮ್ಮ ಎದ್ದು ಬಂದಳು. “ನಾನೇ ಹೋಗ್ತೀನಿ ಅತ್ತೆ. ನನ್ನಿಂದ ನಿಮ್ಮ ಅಣ್ಣ-ತಂಗಿ ನಂಟು ಕೆಡೋದು ಬೇಡ.”

ಹಾಲಮ್ಮ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಅಣ್ಣಾ, ನಿನ್ನ ಋಣಕ್ಕೆ ನನ್ನ ಚರ್ಮ ಸುಲಿದು ಕೊಡು ಅನ್ನು, ಕೊಡ್ತೀನಿ. ಇವಳನ್ನ ಮಾತ್ರ ಕೇಳಬೇಡ. ಕೊಲ್ಲೋಕೆ ಹೋದ ಕೈ ಇದು... ಇದೇ ಕೈಯಲ್ಲಿ ಇವಳನ್ನ ಹೊರಗೆ ದಬ್ಬಲಾ?”

“ಹಾಗಾದ್ರೆ ನಿನಗೆ ತವರಿಲ್ಲ ಅಂತ ತಿಳ್ಕೋ!”

ಹಾಲಮ್ಮ ಸೊಸೆಯ ಕೈ ಬಿಡಲಿಲ್ಲ. “ತಿಳ್ಕೊಂಡೆ, ಅಣ್ಣಾ...”

ಅವನು ಹೆಗಲ ಮೇಲಿನ ವಸ್ತ್ರ ಕೊಡವಿ, ತಿರುಗಿ ನೋಡದೆ ಹೋದ.

ದೀಪಾವಳಿ ಬಂತು. ಅಣ್ಣ ಬರುವವನಲ್ಲವೆಂದು ಹಾಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆಳಗಿನಿಂದ ಒಂದಲ್ಲ ಒಂದು ನೆಪ ತೆಗೆದು ಬಾಗಿಲಿಗೆ ಹೋಗಿಬರುತ್ತಿದ್ದಳು. ಶಿವಮೊಗ್ಗದ ಬಸ್ಸು ಬಂತು, ನಿಂತಿತು, ಯಾರ್ಯಾರೋ ಇಳಿದರು. ಧೂಳು ಅಡಗುವವರೆಗೂ ನಿಂತಿದ್ದು, ಕಣ್ಣೊರೆಸಿಕೊಂಡು ಒಳಗೆ ಬಂದಳು. ತುಂಗಮ್ಮ ಹಾಲಿನಲ್ಲಿ ಕಿವುಚಿದ ಅನ್ನವನ್ನು ಚೂರುಚೂರೇ ಬಾಯಿಗಿಡುತ್ತಿದ್ದಳು. ಅತ್ತೆ ಬಂದು ಪಕ್ಕದಲ್ಲಿ ಕೂತದ್ದನ್ನು ಕಂಡು ಗಾಬರಿಯಾದಳು.

“ನಂದು ತಡ ಆಗುತ್ತೆ ಅತ್ತೆ... ನಿಮಗೆ ಹೊರಗೆ ಏನಾದ್ರೂ ಕೆಲಸ ಇದ್ರೆ...”

“ನಿಧಾನಕ್ಕೆ ಉಣ್ಣು ಮಗಳೇ. ಇನ್ಯಾರಿಗೂ ನಾನು ಕಾಯೋದಿಲ್ಲ” ಎಂದು ಹಾಲಮ್ಮ ಬಾಗಿಲಿಗೆ ಬೆನ್ನು ತಿರುಗಿಸಿ ಕೂತಳು.